ದಾಮೋದರಣ್ಣನ ಮೂರು ಸಾಲಿನ ಭಾಷಣ

ಸ್ವಾತಂತ್ರ್ಯೋತ್ಸವದ ವೇದಿಕೆಯಲ್ಲಿ ದಾಮೋದರಣ್ಣ ಮೈಕ್ ಹಿಡಿದಾಗ ನಾನು ಗುಡುಗು ಕೇಳಲು ತಯಾರಾಗಿ ಕೂತಿದ್ದೆ. ಕೇಳಿಸಿದ್ದು ಹವಾಮಾನ ವರದಿ.

ಇವರು ಯಾರೆಂದು ಹೇಳಿಬಿಡುತ್ತೇನೆ. ಒಂದು ಕಾಲಕ್ಕೆ ಮಂಗಳೂರಿನ ಪತ್ರಿಕೆಯೊಂದರ ಸಂಪಾದಕರು. ದೇಶದ ವಿಷಯ ಬಂದರೆ ಬೆಂಕಿ. ಅವರ ಸಂಪಾದಕೀಯವನ್ನು ಸೆಲೂನುಗಳಲ್ಲಿ ಜೋರಾಗಿ ಓದುತ್ತಿದ್ದರಂತೆ. ಪತ್ರಿಕೆ ಮುಚ್ಚಿತು, ಕುವೈತಿಗೆ ಬಂದರು. ಈಗ ಇಲ್ಲಿನ ಸರ್ಕಾರಿ ಮಾಧ್ಯಮದ ಇಂಗ್ಲಿಷ್ ಡೆಸ್ಕಿನಲ್ಲಿ ಹಿರಿಯ ಸಂಪಾದಕರು. ಪಕ್ಕದ ಕುರ್ಚಿ ನನ್ನದು.

ನಮ್ಮ ಕೆಲಸವೇನು? ವಿಮಾನ ನಿಲ್ದಾಣದಲ್ಲಿ ಯಾವ ಅತಿಥಿಯನ್ನು ಯಾರು ಸ್ವಾಗತಿಸಿದರು, ಯಾರು ಬೀಳ್ಕೊಟ್ಟರು ಎಂದು ಬರೆಯುವುದು. ಪೂರ್ತಿ ಹೆಸರು, ಪೂರ್ತಿ ಬಿರುದು, ಹುದ್ದೆಯ ಕ್ರಮದಲ್ಲಿ. (ದಾಮೋದರಣ್ಣನ ಕೈ ದಾಟಿದ ಸುದ್ದಿಯಲ್ಲಿ ಒಂದು ಹೆಸರೂ ಹಿಂದುಮುಂದಾದದ್ದಿಲ್ಲ.)

ನಮ್ಮ ಕನ್ನಡ ಬಳಗದವರು ಭಾಷಣಕ್ಕೆ ಕರೆದಾಗ ಅವರ ಮುಖ ಅರಳಿತು. ಕಾರಣ, ಇಲ್ಲೇ ಹುಟ್ಟಿ ಬೆಳೆದ ಮಗಳು ಶ್ರಾವ್ಯ.

"ಅವಳ ಲೆಕ್ಕದಲ್ಲಿ ನಾನು ಬರೀ ಟೈಪಿಸ್ಟ್ ಮಾರಾಯ. ಅಪ್ಪ ಎಂತ ಆಗಿದ್ದ ಅಂತ ಒಮ್ಮೆ ಕೇಳಲಿ."

ಡ್ರಾಫ್ಟ್ ತೋರಿಸಿದರು. ಓದುತ್ತ ಓದುತ್ತ ನನ್ನ ಚಹಾ ತಣ್ಣಗಾಯಿತು. ಅದೇ ಹಳೇ ಬೆಂಕಿ!

ವೇದಿಕೆಯಲ್ಲಿ ಆದದ್ದೇ ಬೇರೆ. ರಾಯಭಾರ ಕಚೇರಿಯ ಅಧಿಕಾರಿ, ಹಾಲ್ ಕೊಟ್ಟ ಕುವೈತಿ ಅತಿಥಿ, ಬಳಗದ ಅಧ್ಯಕ್ಷರು, ಊಟದ ಪ್ರಾಯೋಜಕರು, ಎಲ್ಲರ ಹೆಸರನ್ನೂ ಕ್ರಮವಾಗಿ ಓದಿದರು. ಆಮೇಲೆ, "ಉಭಯ ದೇಶಗಳ ಬಾಂಧವ್ಯ ಗಟ್ಟಿಯಾಗಿದೆ. ಎಲ್ಲರಿಗೂ ಶುಭಾಶಯಗಳು."

ಖಲಾಸ್. ಭರ್ಜರಿ ಚಪ್ಪಾಳೆ. (ಬಿರಿಯಾನಿ ಬಿಸಿಯಿತ್ತು.)

ಮನೆಗೆ ನಾನೂ ಅವರ ಕಾರಿನಲ್ಲೇ ಹೊರಟೆ. ಹಿಂದಿನ ಸೀಟಿನಿಂದ ಶ್ರಾವ್ಯ ಕೇಳಿದಳು, "ಪಪ್ಪಾ, ದಟ್ ವಾಸ್ ನ್ಯೂಸ್. ಸ್ಪೀಚ್ ಎಲ್ಲಿ?"

"ಕಟ್ ಮಾಡಿದೆ ಮಗಾ."

"ಹೂ ಟೋಲ್ಡ್ ಯು?"

ಅವರು ತಡವರಿಸಿದರು. "ಯಾರೂ ಹೇಳಲಿಲ್ಲ. ಎಂಬೆಸಿಯವರಿಗೆ ಎಂತ ಅನಿಸ್ತದೋ, ಇಲ್ಲಿಯವರಿಗೆ ಎಂತ ಅನಿಸ್ತದೋ ಅಂತ ಒಂದೊಂದೇ ಸಾಲು ತೆಗೆದೆ. ಕಡೆಗೆ ಉಳಿದದ್ದು ಅಷ್ಟೇ."

"ಮಂಗಳೂರಲ್ಲಿ ಹೀಗೆ ಹೆದರಿಕೆ ಇರಲಿಲ್ವಾ ಅಣ್ಣಾ?" ಎಂದೆ.

"ಅಲ್ಲಿ ಎಂತ ಹೆದರಿಕೆ? ಪತ್ರಿಕೆಯ ಧಣಿಗಳಿಗೆ ಬೆಂಕಿಯೇ ಬೇಕಿತ್ತಲ್ಲ!"

ಶ್ರಾವ್ಯ ಇಯರ್‌ಫೋನ್ ಹಾಕಿಕೊಂಡಳು.

ಅಂದಿನಿಂದ ನನಗೆ ಗೊಂದಲ. ಅಲ್ಲಿ ಗುಡುಗಿದ್ದು ದಾಮೋದರಣ್ಣನೋ, ಧಣಿಗಳೋ? ಇಲ್ಲಿ ಸುಮ್ಮನಾದದ್ದು ಯಾರು? ಮಗಳಿಗೆ ಪರಿಚಯಿಸಬೇಕಿದ್ದ ಆ ಅಪ್ಪ ಯಾವ ಊರಿನಲ್ಲಿದ್ದ?

ಇಷ್ಟು ಬರೆದ ಮೇಲೆ, ನಾನೂ ಎರಡು ಸಾಲು ತೆಗೆದಿದ್ದೇನೆ. ಯಾರು ಹೇಳಿದ್ದು ಅಂತ ಮಾತ್ರ ಕೇಳಬೇಡಿ.