ಪೆಂಗ್ವಿನ್ ಕೆಳಗೆ ಯಾರ ಮೊಟ್ಟೆ?

ಹೋದ ಭಾನುವಾರ ನನ್ನ ಕಣ್ಣೆದುರೇ ಒಂದು ಕಳ್ಳತನ ನಡೆಯಿತು. ಕಳ್ಳಿ ಹಸಿರು ಯೂನಿಫಾರ್ಮ್ ಹಾಕಿದ್ದಳು. ಕದ್ದದ್ದು ಪೆಂಗ್ವಿನ್ ಮೊಟ್ಟೆ!

ನಾವಿರುವ ಜರ್ಮನಿಯ ಇಂಗೋಲ್‌ಸ್ಟಾಟ್‌ನಿಂದ ಬೆಳಿಗ್ಗೆ ಟ್ರೇನ್ ಹತ್ತಿದರೆ ಸಂಜೆಗೆ ವಾಪಸ್ ಬರುವಷ್ಟು ದೂರದಲ್ಲಿ ಒಂದು ಝೂ ಇದೆ. ಅಲ್ಲಿ ಆಫ್ರಿಕಾದ ಪೆಂಗ್ವಿನ್‌ಗಳಿವೆ. ಹಾರಲು ಬಾರದ ಹಕ್ಕಿ. ಕಡಲಲ್ಲಿ ಮೀನು ಕಡಿಮೆಯಾಗಿ ಕುಲವೇ ಅಳಿಯುವ ಹಂತಕ್ಕೆ ಬಂದಿದೆ. ಮಗಳು ಅನ್ವಿಯ ಕ್ಲಾಸಿನವರು ಅದರಲ್ಲೊಂದು ಜೋಡಿಯನ್ನು ದತ್ತು ತೆಗೆದುಕೊಂಡಿದ್ದಾರೆ. ಅದು ಮೊಟ್ಟೆ ಇಟ್ಟಾಗಿನಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಮರಿಗೆ ಹೆಸರೂ ಇಟ್ಟಾಗಿದೆ: ಪುಟ್ಟಿ. (ಗಂಡಾದರೆ? ಅನ್ವಿ ಅಷ್ಟು ಮುಂದೆ ಯೋಚಿಸಿಲ್ಲ.)

ಗಾಜಿನಾಚೆ ಕೀಪರ್ ಹೆಂಗಸು ಗೂಡಿಗೆ ಕೈ ಹಾಕಿದಳು. ಮೊಟ್ಟೆ ತೆಗೆದಳು, ಅಂಥದ್ದೇ ಇನ್ನೊಂದನ್ನು ಇಟ್ಟಳು. ತಾಯಿ ಹಕ್ಕಿ ಅವಳ ಕೈಯನ್ನು ಕುಕ್ಕಿ ಕುಕ್ಕಿ, ಆಮೇಲೆ ಆ ಹೊಸ ಮೊಟ್ಟೆಯ ಮೇಲೇ ಕೂತಿತು.

“ರೀ, ಆಕಿ ತತ್ತಿ ಬದಲ್ ಮಾಡಿದ್ಲು ನೋಡ್ರಿ!” ಎಂದಳು ಹೆಂಡತಿ ಸುನಂದಾ.

“ಪಪ್ಪಾ, ದಸ್ ಐ ಇಸ್ಟ್ ವೆಗ್!” ಎಂದಳು ಅನ್ವಿ. (ಮೊಟ್ಟೆ ಹೋಯಿತು ಅಂತ. ಅಳು ಬಂದರೆ ಇವಳಿಗೆ ಜರ್ಮನ್ನೇ ಬರುತ್ತದೆ.)

ನನ್ನ ತಲೆ ಎಲ್ಲಿಗೆ ಓಡಿತು ಹೇಳಿ? ಅಪರೂಪದ ಹಕ್ಕಿಯ ಮೊಟ್ಟೆಗೆ ಗಿರಾಕಿ ಇಲ್ಲದಿರುತ್ತಾರೆಯೇ? ಒಳ್ಳೆಯದು ಮಾಡಲು ಬಂದವರನ್ನು ಅನುಮಾನದಿಂದ ನೋಡುವುದು ನನ್ನ ಚಾಳಿ. “ನಿಮ್ಮ ಮನ್ಯಾಗ ಯಾರೂ ಓದಿಲ್ಲ, ನಿನ್ನ ಒಳ್ಳೇದಕ್ಕ ಹೇಳ್ತೀನಿ, ಐಟಿಐ ಸಾಕು ತಮ್ಮಾ” ಎಂದಿದ್ದ ಮಾಸ್ತರರ ಮಾತು ಕೇಳಿದ್ದರೆ, ನಮ್ಮ ಮನೆಗೆ ಮೊದಲ ಡಿಗ್ರಿ ಬರುತ್ತಲೇ ಇರಲಿಲ್ಲ.

ಗಾಜು ತಟ್ಟಿದೆ. ತಟ್ಟಬಾರದು ಅಂತ ಬೋರ್ಡಿತ್ತು. ಆದರೂ ತಟ್ಟಿದೆ.

ಹೊರಗೆ ಬಂದ ಕೀಪರ್ ಬೈಯಲಿಲ್ಲ. ಒಳಗಿಟ್ಟದ್ದು ಪ್ಲಾಸ್ಟರಿನ ಮೊಟ್ಟೆ ಎಂದು ನೇರವಾಗಿಯೇ ಹೇಳಿದಳು. ಈ ಜೋಡಿಯ ಮಕ್ಕಳು ಮೊಮ್ಮಕ್ಕಳು ಈಗಾಗಲೇ ಊರೂರಿನ ಝೂಗಳಲ್ಲಿ ತುಂಬಿವೆಯಂತೆ. ಇನ್ನೂ ಹೆಚ್ಚಿದರೆ ಒಂದೇ ರಕ್ತದವು ಜೋಡಿಯಾಗಿ ಮುಂದಿನ ಮರಿಗಳು ಸೊರಗುತ್ತವಂತೆ. ಹಾಗಾಗಿ ಈ ಮೊಟ್ಟೆಯನ್ನು ಮರಿ ಮಾಡಿಸುವುದಿಲ್ಲ, ಬೇರೆ ಮನೆತನಗಳಿಗೆ ಅವಕಾಶ. ಸುಮ್ಮನೆ ಕಿತ್ತುಕೊಂಡರೆ ತಾಯಿ ಮತ್ತೆ ಮೊಟ್ಟೆಯಿಡುತ್ತದೆ, ಅದಕ್ಕೇ ಪ್ಲಾಸ್ಟರ್.

ಸುನಂದಾಗೆ ಇದನ್ನೆಲ್ಲ ಕನ್ನಡದಲ್ಲಿ ವಿವರಿಸತೊಡಗಿದೆ. ಅರ್ಧಕ್ಕೇ ತಡೆದಳು. “ಗೊತ್ತಾತ್ ಬಿಡ್ರಿ. ಒಂದ ಬೆಡಗಿನವ್ರು ಅಣ್ಣ-ತಂಗಿ ಆಗ್ತಾರ, ಲಗ್ನ ನಡ್ಯಂಗಿಲ್ಲ. ಅಷ್ಟ ಅಲ್ರಿ?”

ಅಷ್ಟೇ. ಬೆಡಗು ಅಂದರೆ ನಮ್ಮ ಕಡೆಯ ಗೋತ್ರ.

ಆದರೂ ನನ್ನ ಅನುಮಾನ ಬಿಡಲಿಲ್ಲ. ಯಾರ ಮೊಟ್ಟೆ ಮರಿಯಾಗಬೇಕೆಂದು ತೀರ್ಮಾನಿಸುವವರು ಯಾರು ಎಂದು ಕೀಪರನ್ನು ಕೇಳಿದೆ. ಎಲ್ಲ ಝೂಗಳ ಪೆಂಗ್ವಿನ್ ವಂಶಾವಳಿ ನೋಡಿಕೊಳ್ಳುವ ಒಬ್ಬ ಕೋಆರ್ಡಿನೇಟರ್ ಬೇರೆ ಊರಲ್ಲಿ ಇದ್ದಾರಂತೆ. ಅವರು ಈ ಹಕ್ಕಿಗಳನ್ನು ನೋಡಿದ್ದಾರೆಯೇ? ಇಲ್ಲವಂತೆ. (ನಮ್ಮಲ್ಲಿ ಬೆಡಗು ವಿಚಾರಿಸುವ ಹಿರಿಯರು ಉಪ್ಪಿಟ್ಟು ತಿನ್ನಲಿಕ್ಕಾದರೂ ಮನೆಗೆ ಬರುತ್ತಾರೆ.)

ಅನ್ವಿ ಮೂಗು ಒರೆಸಿಕೊಳ್ಳುತ್ತಾ ಕೇಳಿದಳು: ಅದು ಪ್ಲಾಸ್ಟರ್ ಅಂತ ಅಮ್ಮ ಪೆಂಗ್ವಿನ್‌ಗೆ ಗೊತ್ತಾ?

ಕೀಪರ್ ಅವಳೆದುರು ಮಂಡಿಯೂರಿ ಕೂತಳು. ಅದಕ್ಕೆ ಗೊತ್ತಿಲ್ಲ, ಕಾದು ಕಾದು ಕೊನೆಗೆ ತಾನೇ ಎದ್ದು ಹೋಗುತ್ತದೆ ಎಂದಳು.

ಕುಲ ಉಳಿಯಲು ಇದು ಬೇಕಿರಬಹುದು. ಎಂಜಿನಿಯರ್ ನಾನು, ತರ್ಕ ಅರ್ಥವಾಗುತ್ತದೆ. ಕೇಳಿದ್ದಕ್ಕೆಲ್ಲ ಅವಳು ನೇರ ಉತ್ತರ ಕೊಟ್ಟಳು, ಅದನ್ನೂ ಒಪ್ಪುತ್ತೇನೆ.

ಆದರೆ ನಾವು ಕೇಳದೇ ಇದ್ದಿದ್ದರೆ, ಆ ಪ್ಲಾಸ್ಟರ್ ಒಡೆದು ಪುಟ್ಟಿ ಬರುತ್ತಾಳೆಂದು ನನ್ನ ಮಗಳು ಇನ್ನೆಷ್ಟು ಭಾನುವಾರ ಕಾಯುತ್ತಿದ್ದಳು?