ನಾಲ್ಕು ದಿನ ತಡವಾದ ಮಾತ್ರೆ

ತಂಗಿ ಕೇಳಿದ ಮಾತ್ರೆಯನ್ನು ನಾನು ಅವತ್ತೇ ತಂದುಕೊಡಲಿಲ್ಲ. ಅವಳಿಗೆ ಸಿಸೇರಿಯನ್ ಆಗಿ ಆರು ತಿಂಗಳು. ಸದ್ಯಕ್ಕೆ ಇನ್ನೊಂದು ಬಸಿರು ಬೇಡವೆಂದು ಡಾಕ್ಟರು ಎಚ್ಚರಿಸಿದ್ದರು.

"ನಿನ್ನೆ ನಿರೋಧ್ ಹರಿದುಹೋಯ್ತಕ್ಕ, ಬೇಗ ಬಸಿರು ತಡೆಯೋ ಮಾತ್ರೆ ತಂದ್ಕೊಡು" ಅಂದಳು.

ಗೌನಿಪಲ್ಲಿಯ ಮೆಡಿಕಲ್ ಅಂಗಡಿಯವನು ನನ್ನ ಗಂಡನ ಕಡೆಯ ನೆಂಟ. ಅವನನ್ನು ಕೇಳಲು ನಾಚಿ, ನಮ್ಮ ಮಾವಿನಕಾಯಿ ಲೋಡು ಶ್ರೀನಿವಾಸಪುರದ ಮಂಡಿಗೆ ಹೋಗುವ ದಿನಕ್ಕೆ ಕಾದೆ. ಅಷ್ಟರಲ್ಲಿ ನಿರೋಧ್ ಹರಿದು ನಾಲ್ಕು ದಿನವಾಗಿತ್ತು.

ಅಲ್ಲಿಯ ಮೆಡಿಕಲ್ ಅಂಗಡಿಯಾಕೆ, "ಎಷ್ಟು ಬೇಗ ನುಂಗಿದ್ರೆ ಅಷ್ಟು ಒಳ್ಳೇದಮ್ಮ. ಇದಕ್ಕೆ ಮೂರೇ ದಿನ ಗಡುವು. ಈಗಲೇ ಡಾಕ್ಟರಿಗೆ ತೋರಿಸಿ" ಅಂದಳು.

ಕೂಡಲೇ ತಂಗಿಗೆ ಫೋನ್ ಮಾಡಿ ಶ್ರೀನಿವಾಸಪುರಕ್ಕೆ ಕರೆಸಿದೆ. ಐದು ದಿನ ದಾಟಿರಲಿಲ್ಲವಾದ್ದರಿಂದ ಡಾಕ್ಟರು ಬಸಿರು ತಡೆಯಲು ಕಾಪರ್-ಟಿ ಹಾಕಿದರು.

ವಾಪಸ್ ಬರುವ ಬಸ್ಸಿನಲ್ಲಿ, ತಡವಾದ ಕಾರಣ ಕೇಳಿ ತಿಳಿದ ತಂಗಿ, "ನನ್ ಜೀವಕ್ಕಿಂತ ಆ ನೆಂಟನ ಮುಖ ದೊಡ್ಡದಾಯ್ತಾ?" ಅಂದಳು.

"ಆಯ್ತು ಕಣೇ. ನನ್ನದೇ ತಪ್ಪು, ಕ್ಷಮಿಸು" ಅಂದೆ.