ಅಮೀನಾಬಿಯ ಮುನ್ನುಡಿ

ಮುನ್ನುಡಿ ಎಂದರೆ ನನಗೆ ಮೊದಲಿನಿಂದಲೂ ಸಿಟ್ಟು. ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಮುದ್ರಣಾಲಯವಿದೆ. ಲಗ್ನಪತ್ರಿಕೆ, ರಸೀದಿ ಪುಸ್ತಕ, ವರ್ಷಕ್ಕೆ ಐದಾರು ಕಥೆ ಕವನದ ಪುಸ್ತಕ, ಇಷ್ಟೇ ಕೆಲಸ. ಆ ಪುಸ್ತಕಗಳೂ ಬರೆದವರೇ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸುವಂಥವು. ಅವುಗಳಿಗೆ ದೊಡ್ಡವರು ಕೊಟ್ಟ ಮುನ್ನುಡಿಗಳನ್ನು ಇಪ್ಪತ್ತೆಂಟು ವರ್ಷದಿಂದ ಜೋಡಿಸುತ್ತಾ ಬಂದಿದ್ದೇನೆ. ಅರ್ಧಕ್ಕರ್ಧ ಮುನ್ನುಡಿಗಳು ಪುಸ್ತಕ ಓದದೆಯೇ ಬರೆದವು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೂ ಮುನ್ನುಡಿ ಇಲ್ಲದೆ ಪುಸ್ತಕ ತರುವ ಧೈರ್ಯ ಯಾರಿಗೂ ಇಲ್ಲ. ಮುರಿಗೆವ್ವನಿಗೂ ಇರಲಿಲ್ಲ.

ಮುರಿಗೆವ್ವ ನಮ್ಮ ಓಣಿಯ ತುದಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಾಳೆ. ಐವತ್ತೆಂಟು ವರ್ಷ, ಏಳನೆಯ ಇಯತ್ತೆಯವರೆಗಿನ ಓದು, ದಪ್ಪ ಗಾಜಿನ ಕನ್ನಡಕ. ಅಲ್ಲಿಯ ಕಡಕ್ ರೊಟ್ಟಿ ಪ್ಯಾಕೆಟ್ಟುಗಳಲ್ಲಿ ಧಾರವಾಡದ ಹಾಸ್ಟೆಲುಗಳಿಗೆ, ಪರೀಕ್ಷೆಗೆ ಓದುವವರ ಬಾಡಿಗೆ ಕೋಣೆಗಳಿಗೆ ಹೋಗುತ್ತದೆ. ಆಕೆಯ ಜೊತೆ ಇಪ್ಪತ್ತಾರು ವರ್ಷದಿಂದ ರೊಟ್ಟಿ ಬಡಿಯುವವಳು ಹಿಂದಿನ ಓಣಿಯ ಅಮೀನಾಬಿ. ಅಮೀನಾಬಿ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಮುರಿಗೆವ್ವ ಬೆಳಿಗ್ಗೆ ನೋಟುಬುಕ್ಕಿನಲ್ಲಿ ಎರಡು ಪುಟ ಬರೆಯುತ್ತಿದ್ದಳು, ಮಧ್ಯಾಹ್ನ ಒಲೆಯ ಪಕ್ಕ ಕುಳಿತು ಓದುತ್ತಿದ್ದಳು. ಅಮೀನಾಬಿ ರೊಟ್ಟಿ ಬಡಿಯುತ್ತಲೇ ಕೇಳುತ್ತಿದ್ದಳು. ಹೀಗೆ ಎರಡು ವರ್ಷದಲ್ಲಿ ಒಂದು ಕಾದಂಬರಿ ಮುಗಿಯಿತು.

ಕಥೆ ಸರಳವಾದದ್ದು. ಗಂಗವ್ವ, ಚಂದ್ರವ್ವ ಎಂಬ ನೆರೆಮನೆಯ ಇಬ್ಬರು ಹೆಂಗಸರು ಪಾಲಿನಲ್ಲಿ ಒಂದು ಹೊಲಿಗೆ ಯಂತ್ರ ತಂದು ಮೂವತ್ತು ವರ್ಷ ಓಣಿಯವರ ಕುಪ್ಪಸ ಹೊಲಿಯುತ್ತಾರೆ. ಕೊನೆಯ ಅಧ್ಯಾಯದಲ್ಲಿ ಚಂದ್ರವ್ವ ಊರು ಬಿಟ್ಟು ಮಗನ ಮನೆಗೆ ಹೊರಡುತ್ತಾಳೆ. ಗಂಗವ್ವ ಕಟ್ಟೆಯ ಮೇಲೆ ನಿಂತು ನೋಡುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಅಕ್ಷರ ಜೋಡಿಸುವಾಗ ಆ ಪುಟಕ್ಕೆ ಬಂದು ನಾನು ಚಹಾ ಕುಡಿಯುವ ನೆಪದಲ್ಲಿ ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ.

ಕಥೆಯಲ್ಲಿ ನಡೆದದ್ದೇ ಓಣಿಯಲ್ಲೂ ನಡೆಯುವುದರಲ್ಲಿತ್ತು. ಮಿರಜಿನಲ್ಲಿರುವ ಮಗಳು ಅಮೀನಾಬಿಯನ್ನು ಕರೆದಿದ್ದಳು. ಬಕ್ರೀದ್ ಮುಗಿಸಿಕೊಂಡು ಬಂದುಬಿಡು, ಮೊಣಕಾಲು ನೋವಿನಲ್ಲಿ ಇನ್ನೆಷ್ಟು ದಿನ ಬಡಿಯುತ್ತಿ ಎಂದಿದ್ದಳು. ಅಮೀನಾಬಿ ಈ ಸುದ್ದಿ ಹೇಳಿದಾಗ ನಾನು ಪ್ರೂಫ್ ಕೊಡಲು ಅಲ್ಲಿಯೇ ಇದ್ದೆ. ಮುರಿಗೆವ್ವ ಹಿಟ್ಟಿನ ಪರಾತ ತನ್ನ ಕಡೆ ಎಳೆದುಕೊಂಡಳು. "ಛಲೋ ಆತು. ಆರಾಮ ಇರ್ತಿ" ಎಂದಳು. ಅಷ್ಟೇ. ಇಪ್ಪತ್ತಾರು ವರ್ಷದ ಗೆಳತಿಗೆ ಇರು ಅನ್ನಲು ಈಕೆಗೆ ಏನು ಧಾಡಿ ಎಂದು ನನಗೆ ಮೈಯೆಲ್ಲ ಉರಿಯಿತು.

ಆದರೆ ನನ್ನ ಹತ್ತಿರ ಬಂದು ಮುರಿಗೆವ್ವ ಒಂದೇ ಮಾತು ಹೇಳಿದಳು. "ಶಶಿಕಾಂತರ, ಆಕಿ ಹೋಗೂದ್ರಾಗ ಪುಸ್ತಕ ಆಕಿ ಕೈಯಾಗ ಇರಬೇಕ್ರಿ. ಏನರ ಮಾಡ್ರಿ."

ನಾನೇನು ಮಾಡಲಿ? ಮುನ್ನುಡಿಗೆಂದು ಹಸ್ತಪ್ರತಿಯನ್ನು ಧಾರವಾಡದ ವಿಜಯೀಂದ್ರ ಅವರಿಗೆ ಕೊಟ್ಟು ಎಂಟು ತಿಂಗಳಾಗಿತ್ತು. ನಿವೃತ್ತ ಪ್ರಾಧ್ಯಾಪಕರು, ದೊಡ್ಡ ಹೆಸರು. ಮುರಿಗೆವ್ವ ತಿಂಗಳಿಗೊಮ್ಮೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗುತ್ತಿದ್ದಳು. ಅವರು ಚಟ್ನಿ ಬಹಳ ಚೆನ್ನಾಗಿದೆ ಎನ್ನುತ್ತಿದ್ದರು. ಕೊನೆಗೂ ಬಕ್ರೀದಿಗೆ ಐದು ವಾರ ಇರುವಾಗ ಮುನ್ನುಡಿ ಬಂತು, ಮೂರು ಪುಟ. ಮುರಿಗೆವ್ವ ಅದನ್ನು ನನ್ನ ಮೇಜಿನ ಮುಂದೆಯೇ ನಿಂತು ಓದಿದಳು. ಬರಗಾಲದ ರೈತರ ಕಣ್ಣೀರು ಈ ಕೃತಿಯಲ್ಲಿ ಹೆಪ್ಪುಗಟ್ಟಿದೆ ಎಂದಿತ್ತು. ಹತ್ತಿ ಹೊಲದ ವರ್ಣನೆ ಅಪೂರ್ವ ಎಂದಿತ್ತು. ಇಡೀ ಕಾದಂಬರಿಯಲ್ಲಿ ಹೊಲವೇ ಇಲ್ಲ!

"ನಾ ಹುಟ್ಟಿದ್ದ ಈ ಓಣ್ಯಾಗ. ಹತ್ತಿ ಹೊಲ ನೋಡಿದ್ದು ಬಸ್ಸಿನ ಕಿಡಕ್ಯಾಗಿಂದ. ರೊಟ್ಟಿ ಬಡಿಯಾಕಿ ಅಂದ್ರ ಹೊಲದ್ದ ಬರದಿರ್ತಾಳ ಅಂತ ತಿಳಕೊಂಡ್ರೇನ್ರಿ ಅವರು?" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಸಂಕಟವಾಯಿತು.

ಸಂಕಟವಾದರೂ ನಾನು ವ್ಯವಹಾರದ ಮಾತನ್ನೇ ಆಡಿದೆ. ಈ ಹೆಸರು ಪುಸ್ತಕದ ಮೇಲಿದ್ದರೆ ಗ್ರಂಥಾಲಯದವರು ನೋಡುತ್ತಾರೆ, ಪೇಪರಿನವರು ನಾಲ್ಕು ಸಾಲು ಹಾಕುತ್ತಾರೆ. ಇಲ್ಲದಿದ್ದರೆ ಮುನ್ನೂರು ಪ್ರತಿಯನ್ನು ಯಾರು ಕೊಳ್ಳುತ್ತಾರೆ? ನೆಂಟರೆಲ್ಲ ಗೌರವ ಪ್ರತಿ ಕೇಳಿಕೊಂಡು ಹೋಗಿ ಟಿವಿಯ ಪಕ್ಕ ಇಡುತ್ತಾರೆ ಎಂದೆ. ಮುರಿಗೆವ್ವ ಮೂರು ಹಾಳೆಯನ್ನೂ ನೀಟಾಗಿ ಮಡಿಚಿಕೊಂಡು ಹೋದಳು. ಒಂದು ದಿನ ಬರಲಿಲ್ಲ. ಮರುದಿನ ಬಂದವಳು ಅಮೀನಾಬಿಯನ್ನು ಕೈಹಿಡಿದು ಕರೆತಂದಿದ್ದಳು.

"ಪುಸ್ತಕ ಪೂರ್ತಿ ಗೊತ್ತಿದ್ದಾಕಿ ಜಗತ್ತಿನ್ಯಾಗ ಈಕಿ ಒಬ್ಬಾಕಿನ. ಈಕಿ ಹೇಳ್ತಾಳ, ನೀವು ಬರಕೋರಿ."

ಅಮೀನಾಬಿ ನಾಚಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಇದೇನ್ ಹುಚ್ಚರಿ ಈಕಿದು. ನನ್ನ ಹೆಸರು ಬರಿಯಾಕ ನನಗ ಬರೂದಿಲ್ಲ" ಎಂದಳು. ಆದರೆ ಕುರ್ಚಿಯಲ್ಲಿ ಕುಳಿತು ಎರಡು ಗುಟುಕು ಚಹಾ ಹೋದ ಮೇಲೆ ಮಾತು ತಾನಾಗಿಯೇ ಬಂತು. ನಾನು ಕಂಪ್ಯೂಟರಿನ ಮುಂದೆ ಕುಳಿತು ಆಕೆ ಆಡಿದ್ದನ್ನು ಆಡಿದ ಹಾಗೇ ಹೊಡೆದೆ.

"ನಾ ಈ ಪುಸ್ತಕ ಓದಿಲ್ಲ, ಕೇಳೇನಿ. ಓದಿದವರಿಗಿಂತ ಛಲೋ ಕೇಳೇನಿ. ಚಂದ್ರವ್ವನ ಕೂಸು ಹೋದ ದಿವಸ ನನ್ನ ಕೈಯಾಗ ಹನ್ನೊಂದು ರೊಟ್ಟಿ ಸುಟ್ಟುವು. ನಾ ಅತ್ತೆ, ಮುರಿಗೆವ್ವನೂ ಅತ್ಲು. ತಾನ ಬರದು ತಾನ ಅಳ್ತಾಳ, ಅಂಥಾಕಿ. ಗಂಗವ್ವನ ಗಂಡ ಯಂತ್ರ ಮಾರಾಕ ಹೊಂಟಾಗ ನಾಕು ದಿವಸ ನನಗ ನಿದ್ದಿ ಬರಲಿಲ್ಲ. ಮುಂದ ಏನಾತು ಅಂತ ಕೇಳಿದ್ರ ಇನ್ನೂ ಬರದಿಲ್ಲ ಅಂತಿದ್ಲು. ಲಗೂ ಬರಿ ಅಂತ ಬೈದೇನಿ."

ಇಲ್ಲಿ ಅಮೀನಾಬಿ ತಡೆದಳು. "ಖರೇ ಹೇಳಬೇಕೇನ್ರಿ ಮುನ್ನುಡ್ಯಾಗ?" ಎಂದು ನನ್ನನ್ನು ಕೇಳಿದಳು. ನಾನು ಬಿದ್ದು ಬಿದ್ದು ನಕ್ಕೆ. ಹೇಳುವ ಪದ್ಧತಿ ಇಲ್ಲ, ನೀವು ಹೇಳಿ ಎಂದೆ.

"ಹಂಗಾದ್ರ ಬರಕೋರಿ. ಕಡೀಕಿಂದು ನನಗ ಸೇರಿಲ್ಲ. ಚಂದ್ರವ್ವ ಹೊಂಟಾಗ ಗಂಗವ್ವ ಸುಮ್ಮ ನಿಂತಾಳ. ಅದು ದೊಡ್ಡ ಮನಸ್ಸು ಅಂತಾಳ ಮುರಿಗೆವ್ವ. ನಾ ಅಂತೇನಿ, ಅದು ಹೆದರಿಕಿ. ಹೋಗಬ್ಯಾಡ ಅಂತ ಅನ್ನಬೇಕಾಗಿತ್ತು. ಅಂದ್ರೂ ಚಂದ್ರವ್ವ ಹೋಗ್ತಿದ್ಲು ಬಿಡ್ರಿ, ಮಗ ಕರದಾನ, ಹೋಗಬೇಕಲ್ಲ. ಆದ್ರ ನನ್ನ ಬ್ಯಾಡ ಅಂದಾಕಿ ಒಬ್ಬಾಕಿ ಇದ್ಲು ಅಂತ ಗಂಟು ಕಟಗೊಂಡು ಹೋಗ್ತಿದ್ಲು."

ಮುರಿಗೆವ್ವ ಗೋಡೆಯ ಮೇಲಿನ ಲಗ್ನಪತ್ರಿಕೆಯ ನಮೂನೆಗಳನ್ನು ನೋಡುತ್ತಾ ನಿಂತಿದ್ದಳು. ಕೊನೆಯ ಸಾಲುಗಳನ್ನು ತೆಗೆಯಲೇ ಎಂದು ಮೆಲ್ಲಗೆ ಕೇಳಿದೆ. "ಇರಲಿ. ಓದಿದವರು ಅಂದಿದ್ದನ್ನ ತಗೀಬಾರದು" ಎಂದಳು. ಅನ್ನಬೇಕಾದ ಮಾತನ್ನು ಮಾತ್ರ ಆವತ್ತೂ ಅನ್ನಲಿಲ್ಲ.

ಬಕ್ರೀದಿಗೆ ಮೊದಲೇ ಪುಸ್ತಕ ಬಂತು, ಅಮೀನಾಬಿಯ ಮುನ್ನುಡಿಯೊಂದನ್ನೇ ಹೊತ್ತು. ಬಿಡುಗಡೆ ಸಮಾರಂಭ, ಶಾಲು, ಹಾರ ಏನೂ ಇಲ್ಲ. ಮುರಿಗೆವ್ವ ಮಾಡಿದ್ದು ಒಂದೇ ಕೆಲಸ. ಅಮೀನಾಬಿಯ ಮುನ್ನುಡಿಯನ್ನು ಸಣ್ಣ ಚೀಟಿಗಳಲ್ಲಿ ಅಚ್ಚು ಹಾಕಿಸಿ, ಕೆಳಗೆ ತನ್ನ ಫೋನ್ ನಂಬರು ಹಾಕಿ, ಒಂದೊಂದು ರೊಟ್ಟಿ ಪ್ಯಾಕೆಟ್ಟಿನಲ್ಲಿ ಒಂದೊಂದು ಇಟ್ಟಳು. ರೊಟ್ಟಿಗೂ ಕಾದಂಬರಿಗೂ ಏನು ಸಂಬಂಧ, ಚೀಟಿಯನ್ನು ಕೈ ಒರೆಸಿ ಎಸೆಯುತ್ತಾರೆ ಎಂದು ನಾನು ಗೊಣಗಿದೆ. ನನ್ನ ಬುದ್ಧಿ ಲಗ್ನಪತ್ರಿಕೆಗೇ ಸರಿ.

ಮೂರನೆಯ ದಿನ ಒಂದು ಹಾಸ್ಟೆಲಿನಿಂದ ಲೋಹಿತ ಎಂಬ ಹುಡುಗ ಫೋನು ಮಾಡಿದ. ಮುನ್ನುಡಿ ಬರೆದವರೇ ಕೊನೆ ತಮಗೆ ಹಿಡಿಸಲಿಲ್ಲ ಎನ್ನುವಂಥ ಪುಸ್ತಕ ತಾನು ಕಂಡಿಲ್ಲ, ಯಾರು ಸರಿ ಎಂದು ನೋಡಬೇಕು, ಪುಸ್ತಕ ಕಳಿಸಿ ಎಂದ. ಮಾರನೆಯ ದಿನ ಅವನ ಕೋಣೆಯವರು ಇನ್ನೂ ನಾಲ್ಕು ಪ್ರತಿ ತರಿಸಿದರು. ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕ್ಯಾಂಟೀನಿನ ಹೆಂಗಸರು ಹತ್ತು ತರಿಸಿದರು. ಓದಿ ಮುಗಿಸಿದವರು ಮತ್ತೆ ಫೋನು ಮಾಡತೊಡಗಿದರು. ಕೆಲವರು ಮುರಿಗೆವ್ವನ ಕಡೆ, ಹೆಚ್ಚಿನವರು ಅಮೀನಾಬಿಯ ಕಡೆ. ಫೋನು ಒಲೆಯ ಪಕ್ಕದ ಗೂಡಿನಲ್ಲಿ ಸ್ಪೀಕರಿನಲ್ಲಿ ಇರುತ್ತಿತ್ತು, ಇಬ್ಬರೂ ಕೆಲಸ ಮಾಡುತ್ತಲೇ ಕೇಳುತ್ತಿದ್ದರು. ಒಂದು ದಿನ ಗದಗಿನ ಕಡೆಯ ಒಬ್ಬ ಹೆಂಗಸು ಅಳುತ್ತಾ ಮಾತಾಡಿದಳು. "ನಮ್ಮ ಅಕ್ಕ ಹೊಂಟಾಗ ನಾನೂ ಹಿಂಗ ಸುಮ್ಮ ನಿಂತಿದ್ದೆರಿ ಅವ್ವಾರ. ಈಗ ಅನ್ನೋಣಂದ್ರ ಆಕಿ ಇಲ್ಲ." ಮುರಿಗೆವ್ವ ಹಿಟ್ಟಿನ ಕೈಯಲ್ಲೇ ಫೋನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ.

ಬಕ್ರೀದ್ ಮುಗಿಯಿತು. ಅಮೀನಾಬಿ ಹೊರಡುವ ದಿನ ಬೆಳಿಗ್ಗೆ ನಾವು ಮೂವರೂ ಹುಬ್ಬಳ್ಳಿ ಸ್ಟೇಷನ್ನಿಗೆ ಹೋದೆವು. ಮಿರಜಿನವರಿಗೆ ಓದಲು ಇರಲಿ ಎಂದು ಹತ್ತು ಪುಸ್ತಕದ ಕಟ್ಟು ನನ್ನ ಕೈಯಲ್ಲಿತ್ತು. ಗಾಡಿ ಅರ್ಧ ತಾಸು ತಡ. ಇಬ್ಬರೂ ಬೆಂಚಿನ ಮೇಲೆ ಕುಳಿತು ಜಗಳವಾಡುತ್ತಿದ್ದರು. ರೊಟ್ಟಿಯ ಗಂಟು ದೊಡ್ಡದಾಯಿತು ಎಂದು ಅಮೀನಾಬಿ, ದಾರಿಯಲ್ಲಿ ಹಸಿವಾಗುತ್ತದೆ ಎಂದು ಮುರಿಗೆವ್ವ. ಇಷ್ಟು ಯಾರು ತಿನ್ನುತ್ತಾರೆ, ಅರ್ಧ ತೆಗೆ ಎಂದು ಅಮೀನಾಬಿ ಗಂಟು ಬಿಚ್ಚಲು ಹೋದಳು. ಮುರಿಗೆವ್ವ ಆ ಕೈ ಹಿಡಿದುಕೊಂಡಳು.

"ಹೋಗಬ್ಯಾಡ" ಎಂದಳು.

"ಏನಂದಿ?"

"ಹೋಗಬ್ಯಾಡ ಅಂದೆ. ನೀ ಇಲ್ಲಂದ್ರ ನಾ ಯಾರಿಗೆ ಓದ್ಲಿ? ಹೋಗಬ್ಯಾಡ." ಈ ಸಲ ಪಕ್ಕದ ಬೆಂಚಿನವರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ಕನ್ನಡಕ ತೆಗೆದು ಸೆರಗಿನಿಂದ ಮುಖ ಒರೆಸಿಕೊಂಡಳು.

ಅಮೀನಾಬಿ ಅಳುತ್ತಿದ್ದಳು, ನಗುತ್ತಲೂ ಇದ್ದಳು. ಗೆಳತಿಯ ಗದ್ದ ಹಿಡಿದು, "ಆತು. ಇನ್ನ ನನಗ ಹೋಗಾಕ ಬರತೈತಿ" ಎಂದಳು. ಗಾಡಿ ಬಂದಾಗ ರೊಟ್ಟಿಯ ಗಂಟು ಪೂರ್ತಿ ತೆಗೆದುಕೊಂಡೇ ಹತ್ತಿದಳು.

ಈಗ ಮುರಿಗೆವ್ವ ಮಧ್ಯಾಹ್ನಗಳಲ್ಲಿ ಫೋನಿನಲ್ಲಿ ಓದುತ್ತಾಳೆ, ಮಿರಜಿನಲ್ಲಿ ಅಮೀನಾಬಿ ಕೇಳುತ್ತಾಳೆ. ಹೊಸ ಕಾದಂಬರಿ ಶುರುವಾಗಿದೆ. ಹಳೆಯದರ ಪ್ರತಿಗಳು ತೀರಿ ಎರಡನೆಯ ಮುದ್ರಣಕ್ಕೆ ಬಂದಿದೆ. ಮೊನ್ನೆ ಪುಟಗಳನ್ನು ತೆರೆದಿಟ್ಟುಕೊಂಡು ನಾನು ಕೇಳಿದೆ. ಇಷ್ಟು ಜನ ಹೇಳಿದ್ದಾರೆ, ಸ್ಟೇಷನ್ನಿನಲ್ಲಿ ನೀವೂ ಅಂದಿರಿ. ಕೊನೆಯ ಅಧ್ಯಾಯದಲ್ಲಿ ಗಂಗವ್ವನ ಬಾಯಲ್ಲಿ ಆ ಒಂದು ಮಾತು ಹಾಕೋಣವೇ?

ಮುರಿಗೆವ್ವ ಕನ್ನಡಕ ಸರಿಮಾಡಿಕೊಂಡು ಪರದೆಯ ಮೇಲಿನ ಆ ಪುಟವನ್ನು ಮತ್ತೊಮ್ಮೆ ಓದಿದಳು.

"ಬ್ಯಾಡ್ರಿ. ಗಂಗವ್ವ ಅಂದಿಲ್ಲ. ಅಂದಾಕಿ ನಾನು."